ದಿನದ ಧಮ್ಮ ಚಿಂತನೆ: ಒಂದೇ ಗಂಜಿ, ಎರಡು ಮನೆ



ಧಮ್ಮಬಂಧುಗಳೇ, ಹೋದ ಭಾನುವಾರ ಓದು ಮುಗಿದ ಮೇಲೆ ನಮ್ಮ ಬಳಗದ ಹುಡುಗನೊಬ್ಬ ನನಗೆ ಪ್ರತ್ಯೇಕವಾಗಿ ಒಂದು ಮೆಸೇಜ್ ಕಳಿಸಿದ್ದ. ಕಲಬುರಗಿಯ ದಾಲ್ ಮಿಲ್ಲೊಂದರಲ್ಲಿ ಲೆಕ್ಕ ಬರೆಯುವ ಕೆಲಸ, ತಿಂಗಳಿಗೆ 16,000 ರೂಪಾಯಿ ಪಗಾರ. ಮನೆಯಲ್ಲಿ ಅವ್ವ, ಡಿಗ್ರಿ ಓದುತ್ತಿರುವ ತಂಗಿ. "ಅಕ್ಕೋರ, ಒಂದು ವಾರ ದುಂದು ಮಾಡಬ್ಯಾಡ, ಉಳಿಸು ಅಂತೀರಿ. ಮುಂದಿನ ವಾರ ದಾನ ಮಾಡು ಅಂತೀರಿ. ನನ್ನ ಪಗಾರದಾಗ ಎರಡೂ ಹ್ಯಾಂಗ ಆಗ್ತಾವ್ರಿ? ಯಾವುದಾರ ಒಂದು ಹೇಳ್ರಿ" ಎಂದು ಕೇಳಿದ್ದಾನೆ. ಎಲ್ಲರೆದುರು ಕೇಳಲು ಸಂಕೋಚವಾಯಿತಂತೆ. ಸಂಕೋಚಪಡುವಂಥದ್ದು ಇದರಲ್ಲಿ ಏನೂ ಇಲ್ಲ. ಇದು ಅವನೊಬ್ಬನ ಪ್ರಶ್ನೆಯೂ ಅಲ್ಲ. ಅವನ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇನೆ.

ಉತ್ತರಕ್ಕೆ ನಾನು ಶ್ರಾವಸ್ತಿ ನಗರದ ಎರಡು ಮನೆಗಳಿಗೆ ಹೋಗುತ್ತೇನೆ.

ಮೊದಲನೆಯದು ಸಂಯುತ್ತ ನಿಕಾಯದಲ್ಲಿ ಬರುತ್ತದೆ. ಕೋಸಲದ ರಾಜ ಪಸೇನದಿ ಮಟಮಟ ಮಧ್ಯಾಹ್ನ ಭಗವಾನರ ಬಳಿಗೆ ಬಂದ. ಈ ಹೊತ್ತಿನಲ್ಲಿ ಎಲ್ಲಿಂದ ಬಂದೆ ಎಂದು ಭಗವಾನರು ವಿಚಾರಿಸಿದರು. ಊರಿನ ಸೆಟ್ಟಿಯೊಬ್ಬ ತೀರಿಕೊಂಡಿದ್ದಾನೆ, ಮಕ್ಕಳಿಲ್ಲ, ವಾರಸುದಾರರಿಲ್ಲ, ಅವನ ಆಸ್ತಿಯನ್ನು ಅರಮನೆಗೆ ಸಾಗಿಸಿ ಬರುತ್ತಿದ್ದೇನೆ ಎಂದ ರಾಜ. ಬಂಗಾರವೇ ಎಂಬತ್ತು ಲಕ್ಷ, ಬೆಳ್ಳಿಯ ಲೆಕ್ಕ ಬೇರೆ. ಆದರೆ ಆ ಮನುಷ್ಯ ಉಣ್ಣುತ್ತಿದ್ದದ್ದು ನುಚ್ಚಕ್ಕಿಯ ಅನ್ನ, ನೆಂಜಿಕೊಳ್ಳಲು ಹುಳಿ ಗಂಜಿ. ಉಡುತ್ತಿದ್ದದ್ದು ಮೂರು ತುಂಡು ಕೂಡಿಸಿ ಹೊಲಿದ ಸೆಣಬಿನ ಬಟ್ಟೆ. ಓಡಾಡಲು ಮುರುಕಲು ಗಾಡಿ, ನೆರಳಿಗೆ ಎಲೆಯ ಚಪ್ಪರ.

ಇದನ್ನು ಕೇಳಿ ಭಗವಾನರು "ಎಂಥ ಸರಳ ಜೀವನ" ಎಂದು ಹೊಗಳಲಿಲ್ಲ. ಆ ಹಣದಿಂದ ಅವನೂ ಸುಖಪಡಲಿಲ್ಲ, ತಂದೆತಾಯಿ, ಹೆಂಡತಿ ಮಕ್ಕಳು, ಆಳುಗಳು, ಗೆಳೆಯರು ಯಾರನ್ನೂ ಸುಖಪಡಿಸಲಿಲ್ಲ, ಶ್ರಮಣರಿಗೂ ಕೊಡಲಿಲ್ಲ ಎಂದರು. ಒಂದು ಹೋಲಿಕೆ ಕೊಟ್ಟರು. ಮನುಷ್ಯರು ಕಾಲಿಡಲು ಅಂಜುವ ಜಾಗದಲ್ಲಿ ಒಂದು ಕೊಳ ಇದೆ ಎಂದುಕೊಳ್ಳಿ. ನೀರು ತಿಳಿಯಾಗಿದೆ, ತಂಪಾಗಿದೆ, ಸಿಹಿಯಾಗಿದೆ. ಆದರೆ ಯಾರೂ ಕುಡಿಯುವುದಿಲ್ಲ, ಸ್ನಾನ ಮಾಡುವುದಿಲ್ಲ, ಕೊಡ ತುಂಬಿಕೊಂಡು ಹೋಗುವುದಿಲ್ಲ. ಇದ್ದಲ್ಲೇ ಇಂಗಿ ಹೋಗುತ್ತದೆ. ಆ ಸೆಟ್ಟಿಯ ಹಣ ಅಂಥದ್ದು.

ಈಗ ಅದೇ ಊರಿನ ಎರಡನೆಯ ಮನೆ. ಜೇತವನದ ನೆಲಕ್ಕೆ ಹಣ ಹಾಸಿ ಕೊಂಡುಕೊಂಡ ಅನಾಥಪಿಂಡಿಕರ ಮನೆ ಇದು. ಅವರಿಗೂ ಕಷ್ಟದ ಕಾಲ ಬಂತು. ಅವರಿಂದ ಸಾಲ ಪಡೆದ ವ್ಯಾಪಾರಿಗಳು ಹದಿನೆಂಟು ಕೋಟಿ ತಿರುಗಿಸಲಿಲ್ಲ, ನದಿಯ ದಂಡೆಯಲ್ಲಿ ಹೂತಿಟ್ಟಿದ್ದ ಇನ್ನೊಂದು ಹದಿನೆಂಟು ಕೋಟಿ ನೆರೆಯಲ್ಲಿ ಕೊಚ್ಚಿಹೋಯಿತು ಎಂದು ಅಟ್ಠಕಥೆ ಹೇಳುತ್ತದೆ. ಅಂಗುತ್ತರ ನಿಕಾಯದಲ್ಲಿ ಭಗವಾನರು ಅವರನ್ನು ಕೇಳುತ್ತಾರೆ: ಗೃಹಪತಿ, ನಿನ್ನ ಮನೆಯಲ್ಲಿ ದಾನ ನಡೆಯುತ್ತಿದೆಯೇ? ಅನಾಥಪಿಂಡಿಕರು ಸಂಕೋಚದಿಂದಲೇ ಹೇಳುತ್ತಾರೆ: ನಡೆಯುತ್ತಿದೆ ಭಂತೇ, ಆದರೆ ಒರಟು ಊಟ, ನುಚ್ಚಕ್ಕಿಯ ಅನ್ನ ಮತ್ತು ಹುಳಿ ಗಂಜಿ.

ಪಾಲಿ ಭಾಷೆಯಲ್ಲಿ ಎರಡೂ ಕಡೆ ಅವೇ ಪದಗಳು. ಕಣಾಜಕ, ಬಿಳಂಗ. ಸೆಟ್ಟಿಯ ತಾಟಿನಲ್ಲಿದ್ದದ್ದೂ ಅದೇ, ಅನಾಥಪಿಂಡಿಕರ ಮನೆ ಮುಂದೆ ಬಡಿಸುತ್ತಿದ್ದದ್ದೂ ಅದೇ. ಮೊದಲ ಸಲ ಇದನ್ನು ಗಮನಿಸಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ. ಒಂದೇ ಗಂಜಿ. ಒಬ್ಬನು ಎಂಬತ್ತು ಲಕ್ಷ ಇಟ್ಟುಕೊಂಡು ಬಾಗಿಲು ಹಾಕಿ ಒಬ್ಬನೇ ಉಂಡ. ಇನ್ನೊಬ್ಬರು ಎಲ್ಲ ಕಳೆದುಕೊಂಡ ಮೇಲೂ ಬಾಗಿಲು ತೆರೆದು ಹಂಚಿದರು. ಭಗವಾನರು ಅನಾಥಪಿಂಡಿಕರಿಗೆ ಕೊಟ್ಟ ಉತ್ತರವೂ ಊಟದ ರುಚಿಯ ಬಗ್ಗೆ ಅಲ್ಲ. ಊಟ ಒರಟಾಗಿರಲಿ ನಯವಾಗಿರಲಿ, ಅದನ್ನು ಗೌರವದಿಂದ, ತನ್ನ ಕೈಯಾರೆ, ಬಿಸಾಡುವ ವಸ್ತು ಎಂದುಕೊಳ್ಳದೆ ಕೊಡುತ್ತೀಯಾ ಎಂಬುದನ್ನು ನೋಡು ಎಂದರು.

ಹಾಗಾಗಿ ಒಬ್ಬರು ಕಡಿಮೆ ಖರ್ಚಿನಲ್ಲಿ ಬದುಕುತ್ತಾರೆ ಎಂದ ಮಾತ್ರಕ್ಕೆ ಅದು ಧಮ್ಮವೋ ಜಿಪುಣತನವೋ ಎಂದು ತಾಟು ನೋಡಿ ಹೇಳಲಾಗದು. ಪಕ್ಕದಲ್ಲಿ ಯಾರು ಕುಳಿತಿದ್ದಾರೆ ಎಂದೂ ನೋಡಬೇಕು. ಈಚೆಗೆ ಮೊಬೈಲಿನಲ್ಲಿ 'ಮಿನಿಮಲಿಸಂ' ಎಂದು ವೀಡಿಯೊಗಳು ಬರುತ್ತವೆ. ಬಿಳಿ ಗೋಡೆ, ಖಾಲಿ ಕೋಣೆ, ಒಂದೇ ಕುರ್ಚಿ. ನೋಡಲು ಚಂದ. ಆದರೆ ಮನೆಗೆ ಯಾರಾದರೂ ಬಂದರೆ ಎಲ್ಲಿ ಕೂಡುತ್ತಾರೆ ಎಂದು ಪ್ರತಿಸಲ ನನಗೆ ಅನಿಸುತ್ತದೆ.

ಎರಡೂ ಒಟ್ಟಿಗೆ ಇರಬಲ್ಲವು ಎಂಬುದು ನನ್ನ ಸ್ವಂತ ಸಿದ್ಧಾಂತವಲ್ಲ. ಸಾಮ್ರಾಟ ಅಶೋಕರ ಮೂರನೆಯ ಶಿಲಾಶಾಸನ ಆಂಧ್ರದ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲೂ ಇದೆ, ನಮ್ಮ ಬಳ್ಳಾರಿಯಿಂದ ಬಹಳ ದೂರವೇನಲ್ಲ. ಜನರಿಗೆ ತಿಳಿಸಬೇಕಾದ ಮಾತುಗಳ ಪಟ್ಟಿ ಅದರಲ್ಲಿದೆ. ತಂದೆತಾಯಿಯ ಸೇವೆ, ಗೆಳೆಯರು ಬಂಧುಗಳು ಬ್ರಾಹ್ಮಣರು ಶ್ರಮಣರಿಗೆ ಕೊಡುವುದು, ಪ್ರಾಣಿಗಳನ್ನು ಕೊಲ್ಲದಿರುವುದು. ಅದರ ಬೆನ್ನಿಗೇ ಕಡಿಮೆ ಖರ್ಚು ಮಾಡುವುದು, ಕಡಿಮೆ ಸಾಮಾನು ಇಟ್ಟುಕೊಳ್ಳುವುದು. ದೊಡ್ಡ ರಾಜ್ಯ ಆಳಿದವರು ಕೊಡುವ ಮಾತನ್ನೂ ಉಳಿಸುವ ಮಾತನ್ನೂ ಒಂದೇ ಬಂಡೆಯ ಮೇಲೆ ಹತ್ತಿರ ಹತ್ತಿರ ಕೆತ್ತಿಸಿದ್ದಾರೆ.

ಈ ಎರಡೂ ಹೇಗೆ ಕೂಡುತ್ತವೆ ಎಂಬುದಕ್ಕೆ ನನಗೆ ತುಂಬ ಇಷ್ಟವಾದ ಪ್ರಸಂಗ ವಿನಯ ಪಿಟಕದ್ದು. ಭಗವಾನರ ಪರಿನಿಬ್ಬಾಣದ ನಂತರ ಭಂತೆ ಆನಂದರು ಕೋಸಂಬಿಗೆ ಬಂದು ರಾಜ ಉದೇನನ ಉದ್ಯಾನದ ಬಳಿ ಮರದ ಕೆಳಗೆ ಕುಳಿತಿದ್ದರು. ರಾಣಿವಾಸದವರು ಧಮ್ಮ ಕೇಳಿ ಸಂತೋಷಪಟ್ಟು ಐದು ನೂರು ಚೀವರಗಳನ್ನು ದಾನ ಕೊಟ್ಟರು. ರಾಜನಿಗೆ ಸಿಟ್ಟು. ಇಷ್ಟೊಂದು ಬಟ್ಟೆ ತೆಗೆದುಕೊಂಡು ಈ ಶ್ರಮಣ ಏನು ಬಟ್ಟೆ ಅಂಗಡಿ ಇಡುತ್ತಾನೆಯೇ ಎಂದುಕೊಂಡು ನೇರವಾಗಿ ಬಂದು ಕೇಳಿಯೇಬಿಟ್ಟ. ಇಷ್ಟು ಚೀವರ ಏನು ಮಾಡುತ್ತೀರಿ? ಚೀವರ ಹರಿದುಹೋದ ಭಿಕ್ಖುಗಳಿಗೆ ಹಂಚುತ್ತೇನೆ ಎಂದರು ಆನಂದರು. ಅವರ ಹಳೆಯ ಚೀವರ? ಅವುಗಳಿಂದ ಮೇಲುಹಾಸು ಮಾಡುತ್ತೇವೆ. ಹಳೆಯ ಮೇಲುಹಾಸು? ಹಾಸಿಗೆಯ ಗವಸು. ಹಳೆಯ ಗವಸು? ನೆಲದ ಹಾಸು. ಹಳೆಯ ನೆಲಹಾಸು? ಕಾಲು ಒರೆಸುವ ಬಟ್ಟೆ. ಅದೂ ಹಳತಾದರೆ? ಧೂಳು ಹೊಡೆಯುವ ಬಟ್ಟೆ. ಅದೂ ಹರಿದರೆ? ಚೂರು ಚೂರು ಮಾಡಿ ಮಣ್ಣಿನಲ್ಲಿ ಕಲಸಿ ನೆಲಕ್ಕೆ ಸಾರಿಸುತ್ತೇವೆ ಮಹಾರಾಜ.

ರಾಜ ಇನ್ನೂ ಐದು ನೂರು ಬಟ್ಟೆ ಕೊಟ್ಟ.

ಇದನ್ನು ಓದಿದಾಗಲೆಲ್ಲ ನನಗೆ ಅವ್ವನ ಕೌದಿ ನೆನಪಾಗುತ್ತದೆ. ಸೀರೆ ಹರಿದರೆ ಅದು ಕೌದಿಗೆ. ಕೌದಿ ಸವೆದರೆ ಕೂಸಿನ ತೊಟ್ಟಿಲಿಗೆ. ಅಲ್ಲಿಂದ ಕಾಲೊರಸು, ಅಲ್ಲಿಂದ ಒಲೆಯ ಮುಂದೆ ಬಿಸಿ ಪಾತ್ರೆ ಇಳಿಸುವ ಅರಿವೆ. ಆದರೆ ಕೌದಿಯ ವಿಷಯದಲ್ಲಿ ಇನ್ನೊಂದು ಸಂಗತಿಯಿದೆ, ಅದನ್ನು ಹೊಲಿದವರಿಗೆ ಗೊತ್ತು. ಒಂದೇ ಮನೆಯ ಹಳೆ ಬಟ್ಟೆಯಿಂದ ಒಂದು ಕೌದಿ ಆಗುವುದು ಕಷ್ಟ. ನೆರೆಮನೆಯ ಹಳೆ ಧೋತರ ಬೇಕು, ಯಾರದೋ ರವಿಕೆಯ ತುಂಡು ಬೇಕು. ಹೊಲಿಯಲು ನಾಲ್ಕು ಜನ ಬೇಕು. ನಮ್ಮ ಓಣಿಯಲ್ಲಿ ಬೇಸಿಗೆ ಬಂತೆಂದರೆ ಒಬ್ಬೊಬ್ಬರ ಮನೆಯದು ಒಂದೊಂದು ದಿನ, ಬೇವಿನ ಮರದ ಕೆಳಗೆ ಚಾಪೆ ಹಾಸಿಕೊಂಡು ನಾಲ್ಕೂ ಮೂಲೆಯಿಂದ ಹೊಲಿಯುತ್ತ ಬರುತ್ತಿದ್ದರು. ಹೊಸ ರಗ್ಗು ಕೊಳ್ಳುವ ದುಡ್ಡಿದ್ದವರು ಆ ಚಾಪೆಯ ಮೇಲೆ ಕೂಡುವ ಅಗತ್ಯ ಬೀಳುತ್ತಿರಲಿಲ್ಲ. ಕಡಿಮೆಯಲ್ಲಿ ಬದುಕುವವರಿಗೆ ಒಬ್ಬರಿಗೊಬ್ಬರು ಬೇಕಾಗುತ್ತಾರೆ. ಆ ಬೇಕಾಗುವಿಕೆಯನ್ನು ನಾವು ಈಗ ಅವಮಾನ ಎಂದುಕೊಂಡುಬಿಟ್ಟಿದ್ದೇವೆ.

ಇನ್ನು ಹುಡುಗನ 16,000ಕ್ಕೆ ಬರೋಣ. ಸಂಸಾರಸ್ಥರ ಹಣದ ಲೆಕ್ಕವನ್ನು ಭಗವಾನರು ನೇರವಾಗಿ ಹೇಳಿದ್ದು ಕೋಲಿಯರ ಕಕ್ಕರಪತ್ತ ಎಂಬ ಊರಿನ ದೀಘಜಾಣುವಿಗೆ. ಆತ ಬಂದು ಮುಚ್ಚುಮರೆಯಿಲ್ಲದೆ ಹೇಳಿಕೊಂಡ: ಭಂತೇ, ನಾವು ಹೆಂಡತಿ ಮಕ್ಕಳ ನಡುವೆ ಇರುವವರು, ಕಾಶಿಯ ಚಂದನ ಹಚ್ಚಿಕೊಳ್ಳುತ್ತೇವೆ, ಹೂ ಮುಡಿಯುತ್ತೇವೆ, ಬೆಳ್ಳಿ ಬಂಗಾರ ಮುಟ್ಟುತ್ತೇವೆ, ನಮ್ಮಂಥವರಿಗೆ ಆಗುವಂಥದ್ದು ಹೇಳಿ. ಭಗವಾನರು ಮೊದಲು ಈ ಲೋಕದ ನಾಲ್ಕು ಮಾತು ಹೇಳಿದರು. ದುಡಿಮೆಯಲ್ಲಿ ಹುಷಾರಿ, ದುಡಿದದ್ದನ್ನು ಕಾಪಾಡುವುದು, ಒಳ್ಳೆಯ ಗೆಳೆತನ, ಮತ್ತು ಸಮಜೀವಿತ, ಅಂದರೆ ಬರುವುದಕ್ಕೂ ಹೋಗುವುದಕ್ಕೂ ಸರಿದೂಗುವ ಬಾಳು. ತಕ್ಕಡಿ ಹಿಡಿದವನಿಗೆ ಯಾವ ಕಡೆ ಎಷ್ಟು ತಗ್ಗಿದೆ ಎಂದು ತಿಳಿಯುವ ಹಾಗೆ ತಿಳಿದಿರಬೇಕು. ಆದಾಯ ಸಣ್ಣದು, ಬದುಕು ದೊಡ್ಡದು ಮಾಡಿಕೊಂಡವನು ಅತ್ತಿಹಣ್ಣು ತಿನ್ನುವವನ ಹಾಗೆ, ನಾಲ್ಕು ಹಣ್ಣಿಗಾಗಿ ಇಡೀ ಕೊಂಬೆ ಅಲುಗಾಡಿಸಿ ಉದುರಿಸುತ್ತಾನೆ. ಆದಾಯ ದೊಡ್ಡದಿದ್ದೂ ಹೊಟ್ಟೆಗೆ ತಿನ್ನದವನು ಹಸಿವಿನಿಂದ ಸಾಯುವವನ ಹಾಗೆ ಸಾಯುತ್ತಾನೆ ಎಂದು ಜನ ಆಡಿಕೊಳ್ಳುತ್ತಾರೆ. ಎರಡೂ ಬೇಡ.

ಆಮೇಲೆ ಒಂದು ಕೆರೆಯ ಮಾತು ಬರುತ್ತದೆ. ಕೆರೆಗೆ ನೀರು ಬರುವ ದಾರಿ ನಾಲ್ಕು, ಹೋಗುವ ದಾರಿ ನಾಲ್ಕು. ಬರುವ ದಾರಿ ಮುಚ್ಚಿ, ಹೋಗುವ ದಾರಿ ತೆರೆದಿಟ್ಟು, ಮಳೆಯೂ ಕೈಕೊಟ್ಟರೆ ಕೆರೆ ಒಣಗದೆ ಇನ್ನೇನು? ಹಣ ಹರಿದುಹೋಗುವ ಆ ನಾಲ್ಕು ದಾರಿ ಯಾವುವು? ಹೆಣ್ಣಿನ ಹುಚ್ಚು, ಕುಡಿತ, ಜೂಜು, ಕೆಟ್ಟ ಸಹವಾಸ. ಇಷ್ಟೇ. ಈ ಪಟ್ಟಿಯನ್ನು ಎಷ್ಟು ಸಲ ಬೇಕಾದರೂ ಓದಿ, ದಾನ ಅದರಲ್ಲಿ ಇಲ್ಲ. ಕೊಟ್ಟು ಕೆರೆ ಬತ್ತಿತು ಎಂದು ಭಗವಾನರು ಹೇಳುವುದಿಲ್ಲ. ತ್ಯಾಗವನ್ನು, ಅಂದರೆ ತೆರೆದ ಕೈಯನ್ನು, ಅದೇ ಸುತ್ತದಲ್ಲಿ ಮುಂದಿನ ಗಳಿಕೆಗಳ ಪಟ್ಟಿಯಲ್ಲಿ ಶ್ರದ್ಧೆ, ಶೀಲ, ಪ್ರಜ್ಞೆಗಳ ಜೊತೆ ಇಟ್ಟಿದ್ದಾರೆ. ಇನ್ನೊಂದು ಗಮನಿಸಿ. ಹಣಕಾಸಿನ ಮಾತಿನ ಮಧ್ಯೆ ಗೆಳೆತನ ಎರಡೂ ಕಡೆ ಬಂದಿದೆ. ಒಳ್ಳೆಯ ಸಹವಾಸ ನೀರು ಬರುವ ದಾರಿ, ಕೆಟ್ಟ ಸಹವಾಸ ಹೋಗುವ ದಾರಿ. ಯಾರ ಜೊತೆ ಕೂಡುತ್ತೇವೆ ಎಂಬುದು ಜಮಾಖರ್ಚಿನ ವಿಷಯವೂ ಹೌದು. ಗೆಳೆಯರು ಕೊಂಡರೆಂದು ಕಂತಿನ ಮೇಲೆ 30,000ದ ಮೊಬೈಲ್ ಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬಾಬಾಸಾಹೇಬರು ನಾಗಪುರದಲ್ಲಿ 1956ರ ಅಕ್ಟೋಬರ್ 14ರಂದು ದೀಕ್ಷೆ ಪಡೆದ ಮರುದಿನದ ಭಾಷಣದಲ್ಲಿ, ಧಮ್ಮದ ಕೆಲಸಕ್ಕೆ ಗಳಿಕೆಯ ಇಪ್ಪತ್ತನೇ ಒಂದು ಭಾಗ ಕೊಡುವ ಸಂಕಲ್ಪ ಮಾಡಿ ಎಂದು ಕೇಳಿಕೊಂಡರು. ಎದುರಿಗೆ ಕುಳಿತವರಲ್ಲಿ ಬಹುಪಾಲು ಜನ ಕೂಲಿಕಾರರು, ಬಡವರು. ಅವರು ಅದನ್ನು ಅರಿಯದವರೇ? ಬಡವರು ಕೊಡಬಲ್ಲವರು ಎಂಬ ಗೌರವ ಆ ಕೇಳಿಕೆಯಲ್ಲಿ ಇದೆ ಎಂದು ನನಗನಿಸುತ್ತದೆ. 16,000ದಲ್ಲಿ ಇಪ್ಪತ್ತನೇ ಒಂದು ಎಂದರೆ 800. ಇದನ್ನು ಈ ತಿಂಗಳೇ ಎತ್ತಿಡು ಎಂದು ನಾನು ಹುಡುಗನಿಗೆ ಹೇಳುವುದಿಲ್ಲ. ಅಕ್ಕನ ಮದುವೆಯ ಸಾಲಕ್ಕೆ ಅವನು ನೂರಕ್ಕೆ ಮೂರರಂತೆ ತಿಂಗಳ ಬಡ್ಡಿ ಕಟ್ಟುತ್ತಿದ್ದಾನೆ. ಅನಾಥಪಿಂಡಿಕರಿಗೆ ಭಗವಾನರು ಹೇಳಿದ ಗೃಹಸ್ಥರ ನಾಲ್ಕು ಸುಖಗಳಲ್ಲಿ ಋಣವಿಲ್ಲದ ಸುಖ ಒಂದು. ಮೊದಲು ಆ ಬಡ್ಡಿ ತೀರಲಿ. ಅಲ್ಲಿಯವರೆಗೆ ಅವನು ತಿಂಗಳಿಗೆ ನಾಲ್ಕು ಭಾನುವಾರ ನಮ್ಮ ಓಣಿಯ ಹತ್ತನೇ ತರಗತಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತಾನಲ್ಲ, ಅದಕ್ಕೆ ಟ್ಯೂಷನ್ನಿನವರು ಎಷ್ಟು ತೆಗೆದುಕೊಳ್ಳುತ್ತಾರೆ ಎಂದು ಪೋಷಕರನ್ನು ಕೇಳಿ ನೋಡಿ.

ಇಷ್ಟು ಕೊಡುವವರ ಮಾತಾಯಿತು. ತೆಗೆದುಕೊಳ್ಳುವವರ ಮಾತು ಇದಕ್ಕಿಂತ ಕಷ್ಟದ್ದು.

ನಮ್ಮ ಹುಣ್ಣಿಮೆಯ ಊಟ ಶುರುವಾದಾಗ ಅನ್ನ, ತೊಗರಿಬೇಳೆ ಸಾರು ಮಾತ್ರ ಇತ್ತು. ಪಾಳಿ ಪ್ರಕಾರ ಒಂದೊಂದು ಮನೆಯವರು ಮಾಡುತ್ತಿದ್ದರು. ಒಬ್ಬರು ಪ್ರೀತಿಯಿಂದ ಹೋಳಿಗೆ ಮಾಡಿಸಿದರು. ಮುಂದಿನವರು ಜಿಲೇಬಿ ಸೇರಿಸಿದರು. ಅದರ ಮುಂದಿನವರು ಅಡುಗೆಯವರನ್ನೇ ಕರೆಸಿದರು. ಎಲ್ಲರದೂ ಒಳ್ಳೆಯ ಮನಸ್ಸೇ, ಊಟವೂ ರುಚಿಯಾಗಿತ್ತು. ಆ ಹೊತ್ತಿಗೆ ರೊಟ್ಟಿ ಬಡಿದು ಮಾರಿ ಸಂಸಾರ ನಡೆಸುವ ನಮ್ಮ ಒಬ್ಬ ಉಪಾಸಿಕೆ ಮೂರು ಹುಣ್ಣಿಮೆ ಬರಲಿಲ್ಲ. ಮೈಗೆ ಆರಾಮಿಲ್ಲವೇನೋ ಎಂದು ಮನೆಗೆ ಹೋಗಿ ಕೇಳಿದೆ. "ಆರಾಮ ಅದೀನ್ರಿ ಅಕ್ಕೋರ. ಇನ್ನ ಎರಡು ಹುಣ್ಣಿಮಿಗೆ ನಂ ಪಾಳಿ ಬರ್ತದ. ಉಂಡು ಬಂದಮ್ಯಾಲ ತಿರುಗಿ ಉಣಿಸಬೇಕಲ್ರಿ. ಅಷ್ಟು ಮಾಡ್ಲಿಕ್ಕೆ ನನ್ನ ಕಡಿಂದ ಆಗಂಗಿಲ್ಲ" ಎಂದರು. ಇದನ್ನೂ ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರೀರಿ, ನನ್ನಂಗ ಮತ್ತ ಯಾರರೆ ಇರಬಹುದು" ಎಂದರು.

ನಮ್ಮ ಕಡೆ ಮುಯ್ಯಿ ಎಂಬುದು ಎಲ್ಲರಿಗೂ ಗೊತ್ತು. ಮದುವೆಯಲ್ಲಿ ಯಾರು ಎಷ್ಟು ಓದಿಸಿದರು ಎಂದು ಪಟ್ಟಿಯಲ್ಲಿ ಬರೆದಿಟ್ಟು, ಅವರ ಮನೆಯ ಮದುವೆಗೆ ಅಷ್ಟೋ ಅದಕ್ಕಿಂತ ಹೆಚ್ಚೋ ತಿರುಗಿಸುತ್ತೇವೆ. ಅದು ಕೆಟ್ಟದ್ದಲ್ಲ, ಎಷ್ಟೋ ಬಡ ಮದುವೆಗಳು ಅದರಿಂದಲೇ ನಡೆದಿವೆ. ಆದರೆ ಸಂಘದೊಳಗೆ ಆ ಪಟ್ಟಿ ಬರಬಾರದು. ಬಂದರೆ ಏನಾಗುತ್ತದೆ ಎಂಬುದಕ್ಕೆ ಭಗವಾನರ ಕಾಲದಲ್ಲೇ ಉದಾಹರಣೆ ಇದೆ. ಒಬ್ಬ ಭಿಕ್ಖು ಹೊಟ್ಟೆನೋವು ಭೇದಿಯಿಂದ ತನ್ನ ಮಲಮೂತ್ರದಲ್ಲೇ ಬಿದ್ದಿದ್ದ. ಭಗವಾನರು ಆನಂದರಿಂದ ನೀರು ತರಿಸಿ, ತಾವು ನೀರು ಹೊಯ್ದು, ಆನಂದರು ತೊಳೆದು, ಇಬ್ಬರೂ ಹಿಡಿದೆತ್ತಿ ಮಂಚದ ಮೇಲೆ ಮಲಗಿಸಿದರು. ಆಮೇಲೆ ಉಳಿದ ಭಿಕ್ಖುಗಳನ್ನು ಸೇರಿಸಿ ಇವನನ್ನು ಯಾಕೆ ನೋಡಿಕೊಳ್ಳಲಿಲ್ಲ ಎಂದು ಕೇಳಿದರು. ಅವರ ಉತ್ತರ: ಇವನು ನಮಗೆ ಯಾರಿಗೂ ಏನೂ ಮಾಡಿದವನಲ್ಲ ಭಂತೇ, ಅದಕ್ಕೆ.

ಅದೇ ಮುಯ್ಯಿಯ ಪಟ್ಟಿ. ಭಗವಾನರು ಆ ಲೆಕ್ಕವನ್ನು ಒಪ್ಪಲಿಲ್ಲ. ನಿಮಗೆ ಇಲ್ಲಿ ತಾಯಿಯಿಲ್ಲ ತಂದೆಯಿಲ್ಲ, ನೀವೇ ಒಬ್ಬರನ್ನೊಬ್ಬರು ನೋಡಿಕೊಳ್ಳದಿದ್ದರೆ ಯಾರು ನೋಡುತ್ತಾರೆ ಎಂದು ಕೇಳಿದರು, ನನ್ನ ಸೇವೆ ಮಾಡಬೇಕೆನ್ನುವವರು ರೋಗಿಯ ಸೇವೆ ಮಾಡಲಿ ಎಂದರು. ಏನೂ ಕೊಡದವನಿಗೂ ಸಂಘದಲ್ಲಿ ಪಾಲಿದೆ.

ಅದೇ ಸಂಘದಲ್ಲಿ ಅನುರುದ್ಧ, ನಂದಿಯ, ಕಿಂಬಿಲ ಎಂಬ ಮೂವರು ಗೋಸಿಂಗದ ಸಾಲವನದಲ್ಲಿ ಹಾಲು ನೀರು ಬೆರೆತಂತೆ ಇದ್ದರು. ಭಿಕ್ಷೆಯಿಂದ ಮೊದಲು ಬಂದವರು ಕೂಡಲು ಹಾಸಿ ನೀರು ಇಡುತ್ತಿದ್ದರು. ಕೊನೆಗೆ ಬಂದವರು ಉಳಿದದ್ದು ಬೇಕಿದ್ದರೆ ಉಂಡು, ಎಲ್ಲ ಎತ್ತಿಟ್ಟು ಕಸ ಗುಡಿಸುತ್ತಿದ್ದರು. ನೀರಿನ ಕೊಡ ಬರಿದಾದದ್ದು ಯಾರ ಕಣ್ಣಿಗೆ ಬಿತ್ತೋ ಅವರು ತುಂಬುತ್ತಿದ್ದರು. ಒಬ್ಬರಿಂದ ಆಗದಷ್ಟು ಭಾರವಿದ್ದರೆ ಕೈಸನ್ನೆ ಮಾಡಿ ಇನ್ನೊಬ್ಬರನ್ನು ಕರೆಯುತ್ತಿದ್ದರು. ಯಾರ ಪಾಳಿ ಎಂಬ ಮಾತೇ ಅಲ್ಲಿ ಬರುವುದಿಲ್ಲ. ಆ ಕೈಸನ್ನೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಇದು ನನ್ನೊಬ್ಬನಿಂದ ಆಗದು, ಬಾ ಎಂದು ಕರೆಯಲು ಅನುರುದ್ಧರಂಥವರಿಗೂ ನಾಚಿಕೆಯಾಗಲಿಲ್ಲ.

ಇದನ್ನೆಲ್ಲ ಹೋದ ತಿಂಗಳು ಬಳಗದ ಹಿರಿಯರ ಮುಂದೆ ಇಟ್ಟೆವು. ಸ್ವಲ್ಪ ವಾದವೂ ಆಯಿತು. ಸಿಹಿ ಮಾಡಿ ಬಡಿಸುವ ಸಂತೋಷವನ್ನು ಯಾಕೆ ಕಿತ್ತುಕೊಳ್ಳುತ್ತೀರಿ ಎಂದು ಒಬ್ಬರು ಕೇಳಿದರು, ಆ ಮಾತಿನಲ್ಲೂ ನ್ಯಾಯವಿದೆ. ಕೊನೆಗೆ ಹೀಗೆ ಗೊತ್ತುಮಾಡಿದ್ದೇವೆ. ಹುಣ್ಣಿಮೆಗೆ ಅನ್ನ ಅಥವಾ ನುಚ್ಚು, ಜೊತೆಗೆ ಒಂದೇ ಒಂದು ಪದಾರ್ಥ. ಸಿಹಿ ಮಾಡಬೇಕೆನ್ನುವವರು ಹುಣ್ಣಿಮೆ ಬಿಟ್ಟು ಬೇರೆ ದಿನ ಸರಕಾರಿ ಹಾಸ್ಟೆಲಿನ ಮಕ್ಕಳಿಗೆ ಮಾಡಿಸಲಿ. ಪಾಳಿ ಎಂದರೆ ಅಡುಗೆಯ ಕೆಲಸದ ಪಾಳಿ ಮಾತ್ರ. ಕಾಳುಕಡಿ ಎಲ್ಲರದು. ಬಾಗಿಲ ಬಳಿ ಒಂದು ಚೀಲ ಇರುತ್ತದೆ, ಮನೆಯಿಂದ ಒಂದು ಹಿಡಿ ಜೋಳವೋ ಅಕ್ಕಿಯೋ ಬೇಳೆಯೋ ತಂದವರು ಅದರಲ್ಲಿ ಹಾಕಬಹುದು. ಹೆಸರು ಬರೆಯುವ ಪುಸ್ತಕ ಇಡುವುದಿಲ್ಲ. ಹಾಕದೆ ಒಳಗೆ ಬಂದವರನ್ನು ಯಾರೂ ನೋಡುವುದೂ ಇಲ್ಲ. ಹಣದ ಲೆಕ್ಕ ಮಾತ್ರ ಪೈಸೆ ಪೈಸೆಗೆ ಪ್ರತಿ ತಿಂಗಳು ಈ ಗ್ರೂಪಿನಲ್ಲಿ ಬರುತ್ತದೆ, ಆನಂದರು ರಾಜನಿಗೆ ಲೆಕ್ಕ ಕೊಟ್ಟ ಹಾಗೆ.

ಈ ಸಲದ ಹುಣ್ಣಿಮೆಯ ಅಡುಗೆ ರೊಟ್ಟಿಯ ಅಕ್ಕನವರದು, ಅವರೇ ಕೇಳಿ ತೆಗೆದುಕೊಂಡಿದ್ದಾರೆ. ಜೋಳದ ನುಚ್ಚು, ಮಜ್ಜಿಗೆ, ಶೇಂಗಾ ಹಿಂಡಿ. ನುಚ್ಚು ತಿರುವಲು ಕೈ ಬೇಕು, ಆಗುವವರು ಬೆಳಿಗ್ಗೆ 9ಕ್ಕೆ ಬನ್ನಿ. ವಂದನೆ 11ಕ್ಕೆ. ತಾಟು ಲೋಟ ನಿಮ್ಮ ನಿಮ್ಮದೇ ತನ್ನಿ, ತೊಳೆಯಲು ನೀರು ಅಲ್ಲಿದೆ.